ಕಾಂಪೌಂಡರು ಹಾಕಿಸಿಕೊಂಡ ಬೀಗ

ಕೊರೊನಾ ಬಂದ ವರ್ಷ ಪಿಂಚಣಿಯ ಕೆಲಸಕ್ಕೆಂದು ಬ್ಯಾಂಕಿಗೆ ಹೋಗಿದ್ದೆ. ಬಾಗಿಲಲ್ಲಿ ನಿಂತಿದ್ದ ಕಾವಲಿನವನು "ಕೈ ಕೊಡಿ ತಾತ" ಎಂದು ನನ್ನ ಎರಡೂ ಅಂಗೈಗೆ ಸ್ಯಾನಿಟೈಸರ್ ಹನಿಸಿದ. ಆ ಸ್ಪಿರಿಟ್ಟಿನ ವಾಸನೆ ಮೂಗಿಗೆ ಹೊಡೆದದ್ದೇ ತಡ, ಒಳಗೆ ಹೋಗುವುದು ಬಿಟ್ಟು ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಜೊತೆಗೆ ಬಂದಿದ್ದ ಸೊಸೆ ಗಾಬರಿಯಾದಳು. ಏನಿಲ್ಲಮ್ಮ, ತಲೆ ಸುತ್ತಿತು ಎಂದೆ. ಸುಳ್ಳು ಹೇಳಿದ್ದೆ. ಅರವತ್ತು ವರ್ಷಕ್ಕೂ ಹಿಂದೆ ನಮ್ಮ ವಠಾರದಲ್ಲಿದ್ದ ಕಾಂಪೌಂಡರು ನೆನಪಾಗಿದ್ದರು. ಅವರ ಅಂಗಿಗೆ, ಬೆರಳಿಗೆ, ಉಸಿರಿಗೆ ಇದೇ ವಾಸನೆಯಿತ್ತು...

ಆಗ ನನಗೆ ಇಪ್ಪತ್ತನಾಲ್ಕು. ರಾಜಾಜಿನಗರದಲ್ಲಿ ಹೊಸ ಬಡಾವಣೆ ಏಳುತ್ತಿದ್ದ ಕಾಲ. ಅಲ್ಲಿನ ಮಿಡ್ಲ್ ಸ್ಕೂಲೊಂದರಲ್ಲಿ ಮೇಷ್ಟರಾಗಿದ್ದೆ. ಮಾಗಡಿ ರಸ್ತೆಗೆ ಹತ್ತಿರದ ಒಂದು ವಠಾರದಲ್ಲಿ ಒಂಟಿ ಕೋಣೆ ಹಿಡಿದಿದ್ದೆ. ಎದುರು ಸಾಲಿನ ಎರಡನೇ ಮನೆ ಕಾಂಪೌಂಡರದು. ಗಂಡ ಹೆಂಡತಿ ಇಬ್ಬರೇ, ಮಕ್ಕಳಿರಲಿಲ್ಲ. ಅವರಿಗೆ ನಲವತ್ತೈದರ ಆಸುಪಾಸು. ರಸ್ತೆಯ ತಿರುವಿನಲ್ಲಿದ್ದ ಡಾಕ್ಟರ ಷಾಪಿನಲ್ಲಿ (ಕ್ಲಿನಿಕ್ಕನ್ನು ಆಗ ಹಾಗೆನ್ನುತ್ತಿದ್ದೆವು) ಮಿಕ್ಸ್ಚರ್ ಬೆರೆಸಿ ಕೊಡುವುದು ಅವರ ಕೆಲಸ. ಕಾಗದದ ಪಟ್ಟಿಯನ್ನು ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿ, ಸೀಸೆಯ ಬೆನ್ನಿಗೆ ಅಂಟಿಸಿ, ಒಂದು ಹಲ್ಲು ಒಂದು ಹೊತ್ತಿಗೆ ಎಂದು ತೋರಿಸಿಕೊಡುತ್ತಿದ್ದರು.

ಬಿನ್ನಿಪೇಟೆಯ ಮಿಲ್ಲಿನವರು, ಕಾಮಾಕ್ಷಿಪಾಳ್ಯದ ಕಡೆಯಿಂದ ಸೊಪ್ಪು ಮಾರಲು ಬರುತ್ತಿದ್ದ ಹೆಂಗಸರು, ಎಲ್ಲರೂ ಡಾಕ್ಟರಿಗಿಂತ ಮೊದಲು ಇವರನ್ನೇ ಕೇಳುತ್ತಿದ್ದರು. ಕೈಯಲ್ಲಿ ಕಾಸಿಲ್ಲದವರು ಬಂದರೆ ದನಿ ತಗ್ಗಿಸಿ, "ಇದಕ್ಕೆಲ್ಲ ಔಷಧಿ ಯಾಕಮ್ಮ? ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ, ಜೇನಲ್ಲಿ ನೆಕ್ಕಿಸು" ಎನ್ನುತ್ತಿದ್ದರು. ನನಗೆ ಆಮಶಂಕೆಯಾಗಿ ಎದ್ದು ಕೂರಲಾರದ ಹಾಗಾದಾಗ, ದಾಳಿಂಬೆ ಸಿಪ್ಪೆಯ ಕಷಾಯ ಕುಡಿಸಿ, ಗಂಜಿ ಉಣ್ಣಿಸಿ, ಒಂದು ವಾರ ನನ್ನನ್ನು ಮಗುವಿನಂತೆ ನೋಡಿಕೊಂಡವರು ಅವರೇ. ಆಗ ಹತ್ತಿರ ಬಗ್ಗಿದಾಗಲೆಲ್ಲ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ಕೆಲಸದ ವಾಸನೆ ಎಂದುಕೊಂಡಿದ್ದೆ.

ಬೇಸಿಗೆ ರಜೆಯ ಒಂದು ಸಂಜೆ ನನ್ನ ಕೋಣೆಗೆ ಬಂದರು. ಚಾಪೆಯ ಮೇಲೆ ಕುಳಿತರು. ಆಮೇಲೆ ಎರಡೂ ಕೈ ಮುಂದಕ್ಕೆ ಚಾಚಿದರು. ಬೆರಳುಗಳು ನಡುಗುತ್ತಿದ್ದವು.

"ಮೇಷ್ಟ್ರೇ, ನಾನು ಕುಡೀತೀನಿ. ಹೆಂಡದಂಗಡಿಗೆ ಹೋಗಲ್ಲ. ಷಾಪಲ್ಲಿರೋ ಸ್ಪಿರಿಟ್ಟಿಗೆ ಸಕ್ಕರೆ ಪಾಕ ಬೆರೆಸ್ಕೊತೀನಿ. ಬೆಳಿಗ್ಗೆ ಕುಡೀದಿದ್ರೆ ಕೈ ನಿಲ್ಲಲ್ಲ. ಕೈ ನಿಲ್ಲದಿದ್ರೆ ಔಷಧಿ ಅಳೆಯಕ್ಕಾಗಲ್ಲ. ಹನ್ನೆರಡು ವರ್ಷ ಆಯ್ತು."

ಹಿಂದಿನ ದಿನ ಒಂದು ಎಳೆಮಗುವಿನ ಕೆಮ್ಮಿಗೆ ದೊಡ್ಡವರ ಮಿಕ್ಸ್ಚರ್ ತುಂಬಿ ಕೊಟ್ಟುಬಿಟ್ಟಿದ್ದರಂತೆ. ಮಗುವಿನ ಅಜ್ಜಿ ಬಣ್ಣ ನೋಡಿ ಅನುಮಾನಪಟ್ಟು ವಾಪಸು ತಂದದ್ದರಿಂದ ಮಗು ಉಳಿಯಿತು. ಅದನ್ನು ಹೇಳುವಾಗ ಅವರು ಅತ್ತರು. ಡಾಕ್ಟರು ಮಗಳ ಮದುವೆಗೆಂದು ಊರಿಗೆ ಹೊರಟಿದ್ದರು. ಹತ್ತು ದಿನ ಷಾಪು ಮುಚ್ಚಿರುತ್ತದೆ. ಅಷ್ಟರೊಳಗೆ ಬಿಟ್ಟುಬಿಡಬೇಕು, ಯಾರಿಗೂ ತಿಳಿಯಬಾರದು, ತಿಳಿದರೆ ಇನ್ಯಾರೂ ತಮ್ಮನ್ನು ಔಷಧಿ ಮುಟ್ಟಲು ಬಿಡುವುದಿಲ್ಲ ಎಂದರು.

"ನಿಮ್ಮ ರೂಮಿನ ಕಿಟಕಿಗೆ ಸರಳಿದೆ. ನನ್ನ ಒಳಗೆ ಹಾಕಿ ಬೀಗ ಹಾಕಿ. ಬೀಗದ ಕೈ ನಮ್ಮನೆಯವಳಿಗೆ ಕೊಡಬೇಡಿ, ಒಂದೇ ದಿನಕ್ಕೆ ಕರಗಿ ಹೋಗ್ತಾಳೆ. ನೀವು ಮೇಷ್ಟ್ರು, ಗಟ್ಟಿ. ನಾನು ಕಾಲು ಹಿಡಿದ್ರೂ ತೆಗೀಬೇಡಿ. ಮಾತು ಕೊಡಿ."

ಮಾತು ಕೊಟ್ಟೆ. ಕನಿಕರಕ್ಕೆ ಕೊಟ್ಟೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಪೂರ್ತಿ ನಿಜವಲ್ಲ. ನಾನು ಒಂದು ತೊಟ್ಟು ಕುಡಿದವನಲ್ಲ; ಶಾಲೆಯಲ್ಲಿ ಆರೋಗ್ಯದ ಪಾಠ ಮಾಡುತ್ತಿದ್ದವನು. ಇಡೀ ಬೀದಿಗೆ ಬುದ್ಧಿ ಹೇಳುವ ಮನುಷ್ಯ ನನ್ನ ಮುಂದೆ ಕೈಚಾಚಿ ಕುಳಿತದ್ದು ಒಳಗೊಳಗೇ ಹಿತವಾಗಿತ್ತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ದಿಂಬು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಂದರು. ನಾನು ಬೀಗ ಹಾಕಿ ಹೊರಗಿನ ಜಗಲಿಯಲ್ಲಿ ಹಾಸಿಕೊಂಡೆ. ಹಿತ್ತಲಿಗೆ ಹೋಗಬೇಕಾದಾಗ ಮಾತ್ರ ನಾನೇ ತೋಳು ಹಿಡಿದು ಕರೆದೊಯ್ಯುತ್ತಿದ್ದೆ. ಜ್ವರ ಎಂದು ವಠಾರಕ್ಕೆ ಹೇಳಿದೆವು. ಆದರೆ ವಠಾರದಲ್ಲಿ ಯಾವ ಗುಟ್ಟು ಉಳಿದೀತು? ಮಧ್ಯಾಹ್ನದೊಳಗೆ ಒಬ್ಬರು ಕುಡಿತ ಬಿಡಿಸುತ್ತದೆಂದು ಬೂದುಗುಂಬಳದ ರಸ ತಂದರು, ಇನ್ನೊಬ್ಬರು ಹುಣಸೆಹಣ್ಣಿನ ಪಾನಕ. ಅವರ ಹೆಂಡತಿ ಎಲ್ಲವನ್ನೂ ಸರಳಿನ ಸಂದಿಯಿಂದ ಕುಡಿಸಿದರು. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಮೆತ್ತನೆಯ ಮಾತಿನ ಹೆಂಗಸು. ಆ ದಿನ ಕಾಂಪೌಂಡರು ನಗುತ್ತಲೇ ಇದ್ದರು. ಬೆವರು ಮಾತ್ರ ನೀರಿನಂತೆ ಇಳಿಯುತ್ತಿತ್ತು.

ಎರಡನೇ ದಿನ ಕುಡಿದದ್ದೆಲ್ಲ ವಾಂತಿಯಾಯಿತು. ಗಂಜಿ ನಿಲ್ಲಲಿಲ್ಲ, ಮಜ್ಜಿಗೆ ನಿಲ್ಲಲಿಲ್ಲ. ಬರೀ ಕೈಯಲ್ಲ, ದವಡೆಯೂ ನಡುಗತೊಡಗಿತು. ಕಿಟಕಿಗೆ ಬಂದು ಸರಳು ಹಿಡಿದು, "ಮೇಷ್ಟ್ರೇ, ಒಂದೇ ಒಂದು ಔನ್ಸು... ಔಷಧಿ ಅಂತ" ಎಂದರು.

"ಕಾಲು ಹಿಡಿದ್ರೂ ಕೊಡಬೇಡಿ ಅಂತ ನೀವೇ ಅಂದಿದ್ರಿ."

"ಹೌದು, ಹೌದು... ನಾನೇ ಅಂದದ್ದು" ಎಂದು ನಾಚಿಕೊಂಡು ಹಿಂದೆ ಸರಿದರು. ಆ ನಾಚಿಕೆಯನ್ನು ಕಂಡು, ಗೆದ್ದೆವು ಎಂದುಕೊಂಡೆ.

ಮೂರನೆಯ ಬೆಳಿಗ್ಗೆ ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿರಲಿಲ್ಲ. ಅಕ್ಕ ನನ್ನ ಮುಂದೆ ಬಂದು ನಿಂತರು. ಸೆರಗಿನಡಿಯಿಂದ ಒಂದು ಸಣ್ಣ ಸೀಸೆ ತೆಗೆದರು. ಅಕ್ಕಿ ಡಬ್ಬದಲ್ಲಿ ಗಂಡ ಬಚ್ಚಿಟ್ಟಿದ್ದದ್ದಂತೆ.

"ಮೇಷ್ಟ್ರೇ, ಎರಡು ಚಮಚ ಕೊಡೋಣ. ನೀರು ಬೆರೆಸಿ ಕೊಡ್ತೀನಿ. ನಾಳೆ ಒಂದು ಚಮಚ. ಆಮೇಲೆ ಬೇಡ. ಪಕ್ಕದ ಮನೆ ಮಿಲ್ಲಿನವರ ಹೆಂಡತಿ ಹೇಳಿದ್ರು, ಹಳೇ ಕುಡಿತ ಒಂದೇ ಸಲ ಬಿಡಿಸಬಾರದಂತೆ, ಜೀವಕ್ಕೆ ಬರುತ್ತಂತೆ. ಇಲ್ಲಾಂದ್ರೆ ದೊಡ್ಡಾಸ್ಪತ್ರೆಗಾದ್ರೂ ಕರ್ಕೊಂಡು ಹೋಗೋಣ."

"ಇನ್ನೆರಡು ದಿನ ಅಕ್ಕ. ಈಗ ಕೊಟ್ರೆ ಪಟ್ಟ ಕಷ್ಟವೆಲ್ಲ ನೀರುಪಾಲು."

"ಅವರ ಕಣ್ಣು ನೋಡಿದ್ರಾ ನೀವು? ನನ್ನ ಗುರುತು ಸಿಗ್ತಾ ಇಲ್ಲ ಅವರಿಗೆ."

ನಾನು ನೋಡಿರಲಿಲ್ಲ. ಆಕೆಯ ಕೈಯಿಂದ ಸೀಸೆ ತೆಗೆದುಕೊಂಡೆ. ಕಿತ್ತುಕೊಂಡೆ ಎನ್ನಬೇಕು. ಆಕೆ ನೋಡುತ್ತಿದ್ದ ಹಾಗೇ ಮೋರಿಗೆ ಸುರಿದೆ. ಆಕೆ ಮೋರಿಯನ್ನೇ ನೋಡುತ್ತ ನಿಂತಿದ್ದು, ಆಮೇಲೆ ಹೋಗಿ ಕಿಟಕಿಯ ಕೆಳಗೆ ಕುಳಿತರು.

ಹೊತ್ತೇರುತ್ತ ಒಳಗಿನಿಂದ ಮಾತು ಕೇಳಿಸತೊಡಗಿತು. ಗೋಡೆಯ ಮೇಲೆ ಇರುವೆ ಹತ್ತುತ್ತಿವೆ, ಒರೆಸಿ ಎಂದರು. ಇರುವೆ ಇರಲಿಲ್ಲ. ಮತ್ತೆ ಗಾಳಿಯಲ್ಲಿ ಸೀಸೆ ಹಿಡಿದಂತೆ ಕೈ ಮಾಡಿ, ಎದುರಿಗೆ ಯಾರೋ ನಿಂತಿದ್ದಾರೆಂಬಂತೆ ಮೃದುವಾಗಿ, "ಚೆನ್ನಾಗಿ ಅಲ್ಲಾಡಿಸಿ ಕುಡಿಸಮ್ಮ... ಊಟ ಆದ್ಮೇಲೆ ಒಂದು... ಮಲಗೋವಾಗ ಒಂದು..." ಎನ್ನುತ್ತಿದ್ದರು. ಕೇಳಿ ಕೇಳಿ ಅಕ್ಕ ಕಿವಿ ಮುಚ್ಚಿಕೊಂಡರು. ಆಗಲೂ ನಾನು ಬೀಗ ತೆಗೆಯಲಿಲ್ಲ. ಮಾತು ಕೊಟ್ಟಿದ್ದೆ...

ಮಧ್ಯಾಹ್ನ ದೊಪ್ಪನೆ ಬಿದ್ದ ಸದ್ದಾಯಿತು. ನೋಡಿದರೆ ನೆಲದ ಮೇಲೆ ಮೈಯೆಲ್ಲ ಸೆಟೆದು ಒದ್ದಾಡುತ್ತಿದ್ದರು. ಬಾಯಲ್ಲಿ ನೊರೆ. ಬೀಗದ ಕೈ ನನ್ನ ಉಡಿದಾರದಲ್ಲಿತ್ತು. ಗಂಟು ಬಿಚ್ಚಲಾಗಲಿಲ್ಲ. ಅಕ್ಕ ಬಂದು ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು, ತಾವೇ ಬಾಗಿಲು ತೆರೆದರು.

ಜಟಕಾದಲ್ಲಿ ದೊಡ್ಡಾಸ್ಪತ್ರೆಗೆ ಒಯ್ದೆವು. ದಾರಿಯಲ್ಲಿ ಮತ್ತೆರಡು ಸಲ ಸೆಳೆತ ಬಂತು. ಅಲ್ಲಿನ ಡಾಕ್ಟರು ನನ್ನ ವಯಸ್ಸಿನವರೇ. ಎಷ್ಟು ವರ್ಷದ ಕುಡಿತ, ಯಾವಾಗ ನಿಲ್ಲಿಸಿದರು ಎಂದು ಕೇಳಿದರು. ಹೇಳಿದೆ.

"ಒಂದೇ ಸಲಕ್ಕಾ?"

ತಲೆಯಾಡಿಸಿದೆ.

"ಹಾಗೆ ಮಾಡಬಾರದಾಗಿತ್ತು ಕಣ್ರೀ. ಇಂಥವರಿಗೆ ಸ್ವಲ್ಪ ಸ್ವಲ್ಪ ಇಳಿಸ್ತಾ ಬರಬೇಕು, ಇಲ್ಲಿಟ್ಕೊಂಡು ನೋಡ್ಕೋಬೇಕು. ನಿನ್ನೆ ತಂದಿದ್ರೂ..." ಎಂದು ಅರ್ಧಕ್ಕೆ ನಿಲ್ಲಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನ ಕಾಂಪೌಂಡರು ತೀರಿಕೊಂಡರು. ಅಷ್ಟು ವರ್ಷ ಔಷಧಿಗಳ ನಡುವೆ ಇದ್ದವರಿಗೆ ಈ ಅಪಾಯ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಗೊತ್ತಿದ್ದೂ ಬೀಗ ಹಾಕಿಸಿಕೊಂಡರೇ ಎಂದು ಯೋಚಿಸಿ ಎಷ್ಟೋ ರಾತ್ರಿ ಎದ್ದು ಕುಳಿತಿದ್ದೇನೆ.

ಹನ್ನೊಂದು ದಿನ ಕಳೆದ ಮೇಲೆ ಅಕ್ಕನನ್ನು ಕರೆದೊಯ್ಯಲು ತಿಪಟೂರಿನಿಂದ ಆಕೆಯ ಅಣ್ಣ ಬಂದರು. ಹೊರಡುವ ಬೆಳಿಗ್ಗೆ ನಾನು ಹೋಗಿ ಕಾಲಿಗೆ ಬಿದ್ದೆ. ತಪ್ಪಾಯಿತಕ್ಕ ಎಂದೆ. ಆಕೆ ಟ್ರಂಕಿಗೆ ಸೀರೆ ಮಡಿಸಿಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಅವರು ಬೀಗ ಹಾಕಿ ಅಂದ್ರು. ನೀವು ಹಾಕಿದ್ರಿ. ನಾನೊಬ್ಬಳು ಬೇಡ ಅಂದೆ. ನನ್ನ ಮಾತು ಅವರೂ ಕೇಳಲಿಲ್ಲ, ನೀವೂ ಕೇಳಲಿಲ್ಲ."

ಅಷ್ಟೇ ಅಂದರು. ಆ ಕೋಣೆಯಲ್ಲಿ ಮತ್ತೆ ಮಲಗಲು ನನ್ನಿಂದಾಗಲಿಲ್ಲ. ತಿಂಗಳೊಳಗೆ ಬೇರೆ ಕಡೆ ಹೋದೆ.

ಆಮೇಲೆ ಮದುವೆಯಾಯಿತು, ಮಕ್ಕಳಾದರು, ನಂದಿನಿ ಲೇಔಟಿನಲ್ಲಿ ಮನೆ ಕಟ್ಟಿದೆ. ನಿವೃತ್ತನಾದ ವರ್ಷ ಹೆಂಡತಿಗೂ ಹೇಳದೆ ತಿಪಟೂರಿಗೆ ಹೋದೆ. ಎರಡು ದಿನ ಕೇಳಿಕೊಂಡು ಅಲೆದು ಆ ಅಣ್ಣನ ಮನೆ ಹುಡುಕಿದೆ. ಅಣ್ಣನ ಮಗ ಇದ್ದ. ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದ. ಬೆಂಗಳೂರಿನ ಮೇಷ್ಟ್ರ ವಿಷಯ ಏನಾದರೂ ಹೇಳುತ್ತಿದ್ದರೇ ಎಂದು ಕೇಳಿದೆ. "ಇಲ್ವಲ್ಲ ಸಾರ್, ಯಾವ ಮೇಷ್ಟ್ರು?" ಎಂದ. ಶಾಪಕ್ಕೆ ಸಿದ್ಧನಾಗಿ ಹೋಗಿದ್ದೆ. ಆಕೆ ನನ್ನ ಮಾತೇ ಎತ್ತಿರಲಿಲ್ಲವೆಂಬುದಕ್ಕೆ ಸಿದ್ಧನಾಗಿರಲಿಲ್ಲ. ಕಾಫಿ ಕೊಟ್ಟರು, ಕುಡಿದು ಬಂದೆ.

ಈಗ ಯಾರ ಮನೆಯಲ್ಲಾದರೂ ಕುಡಿತ ಬಿಡಿಸುವ ಮಾತು ಬಂದರೆ, ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ಕೇಳದಿದ್ದರೂ ಹೇಳುತ್ತೇನೆ. ಅಜ್ಜನಿಗೆ ಇದೊಂದು ಹುಚ್ಚು ಎಂದು ಮೊಮ್ಮಕ್ಕಳು ನಗುತ್ತಾರೆ. ಕಾರಣ ಅವರಿಗೆ ಹೇಳಿಲ್ಲ.

ಬ್ಯಾಂಕಿನ ಮೆಟ್ಟಿಲ ಮೇಲೆ ಕುಳಿತ ಆ ದಿನದಿಂದ ಕಾಂಪೌಂಡರ ಮುಖ ದಿನವೂ ಕಣ್ಣಿಗೆ ಕಟ್ಟುತ್ತದೆ. ಹಣೆಯ ವಿಭೂತಿ, ಬೆವರು, ಸರಳು ಹಿಡಿದ ಬೆರಳು, ಎಲ್ಲವೂ ಸ್ಪಷ್ಟ. ಅಕ್ಕನ ಮುಖ ಬರುವುದಿಲ್ಲ. ದನಿ ಕೇಳುತ್ತದೆ, ಮೋರಿಯ ಕಡೆ ತಿರುಗಿದ ಬೆನ್ನು ಕಾಣುತ್ತದೆ. ಕಣ್ಣು ಮುಚ್ಚಿ ಎಷ್ಟು ಹೊತ್ತು ಕುಳಿತರೂ ಮುಖ ಮಾತ್ರ ಬರುವುದಿಲ್ಲ. ಕೇಳಿ ತಿಳಿಯೋಣವೆಂದರೆ ಆ ವಠಾರದವರು ಈಗ ಯಾರೂ ಉಳಿದಿಲ್ಲ.