ಮೂತಿಯಿಲ್ಲದ ಕಾರು

ನಿನ್ನೆ ಹೊಸೂರಿನ ಅವಲಪಲ್ಲಿಯ ನಮ್ಮ ಬೀದಿಯಲ್ಲಿ ಯಾರೋ ಬಿರುಕುಬಿಟ್ಟ ನೀರಿನ ಟ್ಯಾಂಕಿಗೆ ಫೈಬರ್ ಅಂಟಿಸುತ್ತಿದ್ದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ವಾಸನೆಗಳಿಂದ ನಿಮಗೆ ಅಜ್ಜಿ ನೆನಪಾಗಬಹುದು, ಹಬ್ಬದಡುಗೆ ನೆನಪಾಗಬಹುದು. ನನಗೆ ಈ ವಾಸನೆಯಿಂದ ನೆನಪಾಗುವುದು ನಮ್ಮಣ್ಣ, ಮತ್ತು ತಳಿ ಪೇಟೆಯ ಹತ್ತಿರದ ನಮ್ಮೂರಿನ ಗಾಡಿ ಕೊಟ್ಟಿಗೆಯಲ್ಲಿ ಅವನು ಕಟ್ಟುತ್ತಿದ್ದ, ಕಟ್ಟುತ್ತಲೇ ಇದ್ದ, ಇಂದಿಗೂ ಕಟ್ಟಿ ಮುಗಿಸದ ಕಾರು.

ಹೊಸೂರಿಗೆ ಫ್ಯಾಕ್ಟರಿಗಳು ಬಂದ ಹೊಸತರಲ್ಲಿ ಅಣ್ಣನಿಗೆ ಫೈಬರ್ ಅಚ್ಚಿನ ಕೆಲಸ ಸಿಕ್ಕಿತು. ಜೊತೆಯವರು ಸೈಕಲ್ಲು ಕೊಂಡರು, ರೇಡಿಯೋ ಕೊಂಡರು. ಇವನಿಗೆ ಮಾತ್ರ ದೊರೆ ಕಾರಿನ ಹುಚ್ಚು ಹಿಡಿಯಿತು. ಅಪ್ಪ ಎಳೆಯ ವಯಸ್ಸಿನಲ್ಲಿ ಮತ್ತಿಗಿರಿ ಕಡೆ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ ಕೆಲಸಕ್ಕಿದ್ದ. ದೊರೆಗೆ ಮೇಲೆ ಚಾವಣಿಯೇ ಇಲ್ಲದ, ಎರಡೇ ಸೀಟಿನ ಹಸಿರು ಕಾರು ಇತ್ತಂತೆ. ಮುದ್ದೆ ಮುರಿಯುವಾಗೆಲ್ಲ ಅಪ್ಪ ಅದರ ಕಥೆ ಹೇಳುತ್ತಿದ್ದ. ಉಳಿದ ಹೊತ್ತು ಅವನು ಮಾತಾಡುವ ಮನುಷ್ಯನೇ ಅಲ್ಲ. ಅಣ್ಣನ ಆಸೆ ಇಷ್ಟೇ: ಅಂಥದೇ ಕಾರು ಮಾಡಬೇಕು, ಅದನ್ನು ನೋಡಿ ಅಪ್ಪ "ಇದೇ ಕಣ್ಲಾ" ಅನ್ನಬೇಕು.

ಫೋಟೋ ಇಲ್ಲ. ಕಾರಿನ ಹೆಸರೂ ಅಪ್ಪನಿಗೆ ತಿಳಿಯದು. ನೆನಪಿನ ಅಳತೆಯಲ್ಲಿ ಅಂಗಿ ಹೊಲಿಯುವುದೇ ಕಷ್ಟ, ಇವನು ಕಾರು ಕಟ್ಟಲು ಹೊರಟ. ನಮ್ಮ ಎತ್ತಿನ ಗಾಡಿ ಅಂಗಳಕ್ಕೆ ಬಿತ್ತು. ಅಮ್ಮ ಬಂದವರ ಮುಂದೆಲ್ಲ ಗೊಣಗಿದಳು: "ಓಡೋ ಗಾಡಿ ಮಳೇಲೈತೆ, ಓಡ್ದಿರೋದು ನೆರಳಲ್ಲೈತೆ."

ಒಳಗಿನದೆಲ್ಲ ಹೊಸ ಕಾಲದ್ದು. ಆಗಷ್ಟೇ ರಸ್ತೆಗಿಳಿದಿದ್ದ ಪುಟ್ಟ ಕಾರೊಂದು ಕೃಷ್ಣಗಿರಿ ರಸ್ತೆಯಲ್ಲಿ ಲಾರಿಗೆ ಗುದ್ದಿ ನಜ್ಜುಗುಜ್ಜಾಗಿತ್ತು. ಅದರ ಎಂಜಿನ್ನು, ಗೇರ್ ಬಾಕ್ಸು, ಬ್ರೇಕು ನಮ್ಮ ಕೊಟ್ಟಿಗೆ ಸೇರಿದವು. ಎಂಜಿನ್ನು ಶುರುವಾದ ದಿನ ಅಪ್ಪ ಕಿವಿಗೊಟ್ಟು ಕೇಳಿ, "ಇದೇನ್ಲಾ, ಹೊಲಿಗೆ ಮಿಷಿನ್ ಇದ್ದಂಗೈತೆ. ದೊರೆ ಕಾರು ಕೆಮ್ತಿತ್ತು" ಅಂದ. ಕೆಮ್ಮಿಸಲೆಂದು ಅಣ್ಣ ಸೈಲೆನ್ಸರಿಗೆ ತೂತು ಕೊರೆದ. ನೀವೇ ಹೇಳಿ, ಗಟ್ಟಿಮುಟ್ಟಾದ ಎಂಜಿನ್ನಿಗೆ ಯಾರಾದರೂ ಕಾಯಿಲೆ ತರಿಸುತ್ತಾರೆಯೇ?

ಕಾರಿನ ಹಿಂಭಾಗ ಬೇಗ ಮುಗಿಯಿತು. ಅಪ್ಪನಿಗೆ ಅದು ಬಾಯಿಪಾಠ. ಇಲ್ಲಿ ಸ್ಟೆಪ್ನಿ, ಅದರ ಕೆಳಗೆ ಹೊರಚಾಚಿದ ಅಂಗೈ ಅಗಲದ ಅಂಚು, ಎಡಗಡೆ ಒಂದೇ ಒಂದು ಕೆಂಪು ದೀಪ. ಅಂಚನ್ನು ಸವರಿ ನೋಡಿ, "ಇನ್ನೊಂದ್ ಬೆರಳಗಲ ಕೆಳಕ್ ಬರ್ಲಿ" ಅಂದ. ಅದೊಂದು ಸಲ ತಿದ್ದಿದ್ದಕ್ಕೆ ಸರಿಯಾಯಿತು.

ಮುಂಭಾಗಕ್ಕೆ ಬಂದಾಗ ಶನಿ ವಕ್ಕರಿಸಿಕೊಂಡಿತು. ಉದ್ದ ಮೂತಿ ಮಾಡಿದರೆ ಅಪ್ಪ "ಮೊಂಡಾಗಿತ್ತು" ಅನ್ನುವನು. ಮೊಂಡು ಮಾಡಿದರೆ "ಹಿಂಗಿರ್ಲಿಲ್ಲ, ಚೂಪಾಗಿತ್ತು." ದೀಪ ಹೊರಗಿತ್ತು ಎಂದವನೇ ಮುಂದಿನ ಸುಗ್ಗಿಗೆ ಒಳಗಿತ್ತು ಎಂದ. ಅಚ್ಚು ಮಾಡು, ಫೈಬರ್ ಹಚ್ಚು, ಉಜ್ಜು, ಒಡೆದುಹಾಕು. ನನ್ನ ಭಾನುವಾರಗಳೆಲ್ಲ ಉಪ್ಪುಕಾಗದ ಹಿಡಿದು ಉಜ್ಜುವುದರಲ್ಲಿ, ಮೈ ಕೆರೆದುಕೊಳ್ಳುವುದರಲ್ಲಿ ಕಳೆದವು. ಬೇಡವಾದ ಮೂತಿಯೊಂದರಲ್ಲಿ ಅಮ್ಮ ಎಮ್ಮೆಗೆ ಕಲಗಚ್ಚು ಇಟ್ಟಳು. ಇನ್ನೊಂದರಡಿ ಕೋಳಿ ಮರಿ ಮಾಡಿತು.

ಒಂದು ಮಧ್ಯಾಹ್ನ, ಹೊಸ ಮೂತಿಗೂ ಅಪ್ಪ ಅಲ್ಲವೆಂದು ತಲೆಯಾಡಿಸುತ್ತಿದ್ದಾಗ, ನನ್ನ ತಾಳ್ಮೆ ಕೆಟ್ಟಿತು. "ನಿಜ ಹೇಳ್ಬುಡಪ್ಪಾ, ಆ ಕಾರಿನ ಮುಂದೆ ನೀನು ಯಾವತ್ತಾದ್ರೂ ನಿಂತಿದ್ಯಾ?" ಎಂದು ಕೂಗಿದೆ.

"ಮುಂದೆ ಯಾಕ್ಲಾ ನಿಂತ್ಕಳ್ಳಿ?" ಅಪ್ಪನಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಚಳೀಗೆ ಅದು ಸ್ಟಾರ್ಟ್ ಆಗ್ತಿರ್ಲಿಲ್ಲ. ದಿನಾ ಬೆಳಿಗ್ಗೆ ಹಿಂದ್ಲಿಂದ ತಳ್ಳೋನು ನಾನು. ಸ್ಟಾರ್ಟ್ ಆದ್ರೆ ಹೋಗ್ಬುಡ್ತಿತ್ತು. ದೊರೆ ಬರೋ ಹೊತ್ಗೆ ನಾನು ಮನೇಗ್ ಬಂದಿರ್ತಿದ್ದೆ."

"ಮತ್ತೆ ಇಷ್ಟ್ ವರ್ಸ ಹಂಗಿತ್ತು ಹಿಂಗಿತ್ತು ಅಂದಿದ್ದು?"

"ನಿಮ್ಮಣ್ಣ ಕೇಳ್ತಾನಲ್ಲ. ಈ ಮನೇಲಿ ನನ್ನ ಏನಾದ್ರೂ ಕೇಳೋನು ಅವನೊಬ್ನೇ. ಗೊತ್ತಿಲ್ಲ ಅಂದ್ಬುಟ್ರೆ ಆಮೇಲೆ ಏನ್ ಕೇಳ್ತಾನೆ?"

ನನಗೆ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅಣ್ಣ ಮಾತ್ರ ಕೈಯಲ್ಲಿದ್ದ ಬ್ರಷ್ ಕೆಳಗಿಟ್ಟು, ಹೊಸ ಮೂತಿಯನ್ನು ಪಕ್ಕಕ್ಕೆ ಸರಿಸಿದ. ಎಂಜಿನ್ನು ಶುರು ಮಾಡಲಿಲ್ಲ. "ಹತ್ತಪ್ಪ" ಅಂದ. ಅಪ್ಪ ಪಂಚೆ ಎತ್ತಿ ಹಿಡಿದು ಹತ್ತಿ ಕೂತ. ನಾವಿಬ್ಬರೂ ಹಿಂದೆ ಹೋಗಿ ಸ್ಟೆಪ್ನಿ ಕೆಳಗಿನ ಆ ಅಂಚಿಗೆ ಅಂಗೈ ಕೊಟ್ಟು ತಳ್ಳಿದೆವು. ಅಂಗೈ ಅಲ್ಲಿ ಅಚ್ಚುಕಟ್ಟಾಗಿ ಕೂತುಕೊಂಡಿತು. ಮೂತಿಯಿಲ್ಲದ ಕಾರು ದಾರಿಯಂಚಿನ ಹುಣಿಸೆಮರದವರೆಗೂ ಹೋಗಿ ನಿಂತಿತು.

"ಕುಂತ್ಕಂಡ್ರೆ ಹಿಂಗ್ ಕಾಣ್ತೈತಾ ದಾರಿ!" ಅಂದ ಅಪ್ಪ. ಅದಷ್ಟೇ. 'ಇದೇ' ಅನ್ನಲಿಲ್ಲ.

ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಇವತ್ತು ಬೆಳಿಗ್ಗೆ ಅದೇ ಸಿಟ್ಟಿನಲ್ಲಿ ಬಸ್ಸು ಹತ್ತಿ ಊರಿಗೆ ಹೋದೆ, ಆ ಕಾರನ್ನು ಗುಜರಿಗೆ ಹಾಕಿಸಿಯೇ ಬರಬೇಕೆಂದು. ನಿವೃತ್ತನಾದ ಅಣ್ಣ ಕೊಟ್ಟಿಗೆಯಲ್ಲಿ ಇನ್ನೊಂದು ಮೂತಿಯನ್ನು ಕಾರಿಗೆ ಹಿಡಿದು ನೋಡುತ್ತಿದ್ದ.

"ಯಾರಿಗ್ ತೋರ್ಸಕ್ಕಣ್ಣಾ ಇನ್ನು?" ಎಂದೆ. ಅವನು ಮೂತಿಯನ್ನು ಕೊಂಚ ಓರೆ ಮಾಡಿ ಹಿಡಿದ. ನಾನು ಕಾರಿನ ಎದುರಿಗೆ ನಿಂತು ನೋಡಿ, "ಇದೇ ಕಣಣ್ಣ. ಹಿಂಗೇ ಇತ್ತು" ಅಂದುಬಿಟ್ಟೆ.

"ನಿಂಗೇನ್ಲಾ ಗೊತ್ತು?" ಅಂದ ಅಣ್ಣ. "ನೀನೂ ಹಿಂದೆ ನಿಂತು ತಳ್ದೋನೇ."

ಉಪ್ಪುಕಾಗದ ಎಲ್ಲಿಟ್ಟಿದ್ದೀಯ ಎಂದು ಕೇಳಿದೆ.