ಗಿರಣಿಯ ಕಂಪ್ಯೂಟರಿನಲ್ಲಿ ಬೆಕ್ಕಿನ ಆಟ

ಎಂಬತ್ತರ ದಶಕದ ಕೊನೆ. ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಕಂಪ್ಯೂಟರ್ ರಿಪೇರಿಗೆ ಬಳ್ಳಾರಿಯಿಂದ ಹೋಗಿದ್ದೆ. ಮಾಲೀಕರ ಸೊಸೆ ಅದರಲ್ಲೇ ಒಂದು ಆಟ ಮಾಡಿದ್ದರು. ಭತ್ತದ ಚೀಲಕ್ಕೆ ನುಗ್ಗುವ ಇಲಿಗಳನ್ನು ಬೆಕ್ಕು ಹಿಡಿಯಬೇಕು.

"ಪ್ರೋಗ್ರಾಂ ನೀವೇ ಬರದೀರೇನು?" ಎಂದೆ.

"ಇಲ್ರಿ. ಬರಿಯಾಕ ಬರದವರಿಗೂ ಆಟ ಮಾಡೋ ಫ್ಲಾಪಿ ಸಿಗತೈತ್ರಿ. ಅದರಾಗ ಜೋಡಿಸೀನಿ."

"ಹಂಗಾರ ಇದು ಆಟಾನ ಅಲ್ಲ ಬಿಡ್ರಿ. ಕೈಲೆ ಬಡಿಯಾಕ ಬರದವರು ಲಟ್ಟಿಸಿದ ರೊಟ್ಟಿ ಇದ್ದಂಗ!"

ಆಕೆ ಅಡುಗೆಗೆಂದು ಒಳಗೆ ಹೋದರು.

ಮಧ್ಯಾಹ್ನ ಊಟ ಅವರ ಮನೆಯಲ್ಲೇ. ತೆಳ್ಳನೆಯ ಜೋಳದ ರೊಟ್ಟಿ ಮೂರು ಮುಗಿಸಿ, "ಏನ್ ಬಡದೀರಿ ಅಕ್ಕಾರ! ಇಂಥಾವು ಬಳ್ಳಾರ್ಯಾಗ ಸಿಗಂಗಿಲ್ಲ" ಎಂದೆ.

"ಬಡದಿಲ್ರಿ, ಲಟ್ಟಿಸೀನಿ. ಇನ್ನೊಂದು ನೀಡ್ಲೇನ್ರಿ?"

ಆಟದ ಬಗ್ಗೆ ನನ್ನ ಅಭಿಪ್ರಾಯವೇನೂ ಬದಲಾಗಲಿಲ್ಲ. ತಾಟು ಮಾತ್ರ ತಾನಾಗಿಯೇ ಮುಂದೆ ಸರಿಯಿತು.