ದುಡಿಯದ ದಿನಗಳ ಎರಡು ಅಂಕಿ

ಎಂಬತ್ತರ ದಶಕದ ಆರಂಭ. ನಾನು ತುಮಕೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಗುಬ್ಬಿ ಕಡೆ ಸಿಗುವ, ಮುಟ್ಟಿದರೆ ಕೈಗೆ ಮಸಿ ಹತ್ತುವ ಮ್ಯಾಂಗನೀಸ್ ಕಲ್ಲನ್ನು ಅರೆದು, ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೆಲ್ ಮಾಡಲು ಹೊರಟಿದ್ದೆ. ಕರೆಂಟು ಇದ್ದಾಗ ತುಂಬಿಟ್ಟು, ಹೋದಾಗ ಬಳಸುವ ಆಸೆ. ಸೆಲ್ಲಿಗೆ ಸ್ವಲ್ಪವೇ ಕರೆಂಟು ಎಳೆಯುವ ತಂತಿಸುರುಳಿ ಸಿಕ್ಕಿಸಿ, ಇಪ್ಪತ್ತು ದಿನ ಪ್ರತಿ ಮಧ್ಯಾಹ್ನ ಮೀಟರಿನಲ್ಲಿ ಅದರ ವೋಲ್ಟೇಜು ನೋಡಿ ಬರೆಯಬೇಕಿತ್ತು. ಒಂದು ದಿನವೂ ತಪ್ಪದ ಆ ಪಟ್ಟಿಯನ್ನು ನೋಡಿಯೇ ಬೆಂಗಳೂರಿನ ಗೈಡು ನನ್ನನ್ನು ಪಿಎಚ್.ಡಿ.ಗೆ ತೆಗೆದುಕೊಳ್ಳುವವರಿದ್ದರು.

ನಡುವೆ ಆಯುಧಪೂಜೆ ಬಂತು. ಲ್ಯಾಬಿನ ಅಟೆಂಡರ್ ವಯಸ್ಸಾದವರು, ಹಣೆ ತುಂಬ ವಿಭೂತಿ. ಪೂಜೆ ಮಾಡಿ, ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಹೋದರು. ನಾನು ಹಟ ಹಿಡಿಯಬಹುದಿತ್ತು. ಹಿಡಿಯದೆ ಕುಣಿಗಲ್ಲಿನ ಅಕ್ಕನ ಮನೆಗೆ ಹೋದೆ. ಹಾಗೆಂದು ನೆನಪು.

ಮೂರನೆಯ ದಿನ ಬಂದಾಗ ಮೀಟರಿನ ಮೇಲೆ ಬಾಡಿದ ಸೇವಂತಿಗೆ. ನೋಟ್‌ಬುಕ್ಕಿನಲ್ಲಿ ಆ ಎರಡು ದಿನಗಳ ಅಂಕಿಗಳು ತುಂಬಿದ್ದವು. ನನ್ನದೇ ಅಕ್ಷರ, ನನ್ನದೇ ಹಸಿರು ಶಾಯಿ.

ಹೋಗುವ ಮೊದಲೇ ಊಹಿಸಿ ಬರೆದಿಟ್ಟಿದ್ದೆನೇ? ಆದರೆ ಹಾಗೆ ಬರೆದಿದ್ದರೆ ಇಳಿಸಿ ಬರೆಯುತ್ತಿದ್ದೆ. ದುಡಿಯುವ ಸೆಲ್ ದಿನದಿನಕ್ಕೂ ಇಳಿಯುತ್ತದೆ. ಇಲ್ಲಿ ಅಂಕಿ ಎರಡು ದಿನವೂ ಏರಿತ್ತು.

ಅಟೆಂಡರನ್ನು ಕೇಳಿದೆ.

"ಆವತ್ತು ಯಾವ ಸಾಮಾನೂ ದುಡೀಬಾರ್ದಲ್ವಾ ಸಾರ್, ಅದ್ಕೇ ತಂತಿ ಬಿಚ್ಚಿಟ್ಟಿದ್ದೆ. ಇವತ್ತು ಬೆಳಿಗ್ಗೆ ಬಂದು ಸಿಕ್ಕಿಸ್ದೆ. ನಿಮ್ಗೆ ದೇವ್ರು ಬ್ಯಾಡ, ಸಾಮಾನಿಗಾದ್ರೂ ಬೇಕಲ್ಲ."

ತಂತಿ ಬಿಚ್ಚಿ ಬಿಟ್ಟ ಸೆಲ್ ಸುಧಾರಿಸಿಕೊಂಡು ತುಸು ಏರುತ್ತದೆ. ಅಂಕಿಗಳು ಸರಿಯಾಗಿದ್ದವು. ತಂತಿ ಬಿಚ್ಚಿದ್ದು ನನಗೆ ಗೊತ್ತೇ ಇರಲಿಲ್ಲ, ಅವರಿಗೆ ಮೀಟರು ಓದಲು ಬಾರದು. ನಡುವೆ ಬೀಗ ತೆಗೆದೇ ಇಲ್ಲವೆಂದು ಅವರು ವಿಭೂತಿ ಮುಟ್ಟಿ ಹೇಳಿದರು.

ಕಂಡ ನೆನಪಿಲ್ಲದ್ದನ್ನು ಕಂಡೆನೆಂದು ಕಳಿಸಲಾರದೆ ಎರಡೂ ಅಂಕಿಗಳನ್ನು ಹೊಡೆದುಹಾಕಿದೆ. ನಡುವೆ ತಪ್ಪಿದ ಪಟ್ಟಿ ನಡೆಯದೆಂದು ಗೈಡು ಪೂರ್ತಿ ವಾಪಸು ಮಾಡಿದರು. ಆ ವರ್ಷದ ಸೀಟು ಬೇರೆಯವರಿಗೆ ಹೋಯಿತು. ಮತ್ತೆ ಕಲ್ಲು ಅರೆಯಲು ನನಗೆ ಧೈರ್ಯವಾಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅಕ್ಕನ ಎದುರು ಆ ಹಬ್ಬದ ಊಟದ ಮಾತೆತ್ತಿದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಆ ಹಬ್ಬಕ್ಕೆ ನೀನೆಲ್ಲಪ್ಪಾ ಬಂದೆ? ಎಲೆ ಹಾಕ್ಕೊಂಡು ಮೂರು ಗಂಟೆಗಂಟ ಕಾದ್ವಿ ಕಣೋ. ನಿಮ್ ಭಾವ ಬೈಕೊಂಡೇ ಕೂತ್ರು."

ಅವಳ ಮನೆಯ ಹೋಳಿಗೆಯ ರುಚಿ ನನ್ನ ನಾಲಿಗೆಯ ಮೇಲೆ ಇನ್ನೂ ಇದೆ. ನೋಟ್‌ಬುಕ್ಕೂ ಇದೆ. ಹೊಡೆದುಹಾಕಿದ ಗೆರೆಯ ಕೆಳಗೆ ಎರಡೂ ಅಂಕಿಗಳನ್ನು ಈಗಲೂ ಸಲೀಸಾಗಿ ಓದಬಹುದು.